ತಾತನ ವಾಟೆ, ಡಾಕ್ಟರ ಚೆರ್ರಿ

ಮದ್ದೂರಿನ ಹತ್ತಿರ ನಮ್ಮ ತೋಟದಲ್ಲಿ ತಾತ ಬೆಳೆಸಿದ ಒಂದು ಮಾವಿನ ಮರ ಇದೆ. ಸಂತೆಯಿಂದ ತಂದ ಬಾದಾಮಿ ಮಾವಿನ ಹಣ್ಣು ತಿಂದು, ಅದರ ವಾಟೆಯನ್ನೇ ತಿಪ್ಪೆ ಪಕ್ಕ ಹೂತಿದ್ದರು. ಎಂಟು ವರ್ಷಕ್ಕೆ ಕಾಯಿ ಬಿಟ್ಟಿತು. ಹಲ್ಲು ಜುಮ್ಮೆನ್ನುವ ಹುಳಿ, ಬಾಯಿ ತುಂಬ ನಾರು. ದೃಷ್ಟಿ ಆಗಿದೆ ಅಂತ ಹಳೇ ಚಪ್ಪಲಿ ಕಟ್ಟಿದರು. ಬುಡಕ್ಕೆ ಬೆಲ್ಲದ ನೀರು ಹೊಯ್ದರು. ಹುಳಿ ಹೋಗಲಿಲ್ಲ.

ಹೋಗುವುದೂ ಇಲ್ಲ. ಬಾದಾಮಿ ಆ ವಾಟೆಗೆ ತಾಯಿ ಅಷ್ಟೇ. ಹೂವಿಗೆ ಪರಾಗ ತಂದ ನೊಣ ಯಾವ ಮರದ ಮೇಲೆ ಕೂತು ಬಂದಿತ್ತೋ! ಇಸ್ಪೀಟ್ ಕಲೆಸಿ ಹಂಚಿದ ಹಾಗೆ ಒಂದೊಂದು ವಾಟೆಗೂ ಒಂದೊಂದು ಆಟ ಬೀಳುತ್ತದೆ. ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ಥರ ಇರ್ತಾರಾ?

ಈ ಕಲೆಸಾಟವನ್ನೇ ನಂಬಿ ತೋಟ ಮಾಡಿದ ಡಾಕ್ಟರೊಬ್ಬರಿದ್ದರು. ಅಮೆರಿಕದ ಜೇರೆಡ್ ಕರ್ಟ್‌ಲೆಂಡ್. ಹುಟ್ಟಿದ್ದು 1793ರಲ್ಲಿ. ಯೇಲ್‌ನಲ್ಲಿ ಓದಿ 1815ರಲ್ಲಿ ವೈದ್ಯರಾದರು. ಇನ್ನೂ ಹುಡುಗನಾಗಿದ್ದಾಗಲೇ ರೇಷ್ಮೆ ಹುಳು ಸಾಕುತ್ತಾ, ಗಂಡು ಸೇರದ ಚಿಟ್ಟೆ ಇಟ್ಟ ಮೊಟ್ಟೆಯಿಂದಲೂ ಹುಳು ಬರುವುದನ್ನು ಕಂಡುಕೊಂಡಿದ್ದರು. ಹುಳು ಗೂಡು ಕಟ್ಟಲಿ ಅಂತ ಮನೆ ಮುಂದೆ ಚಂದ್ರಿಕೆ ನಿಲ್ಲಿಸುವ ನಮ್ಮ ಕಡೆಯವರಿಗೆ ಇದು ಎಂಥ ಸೋಜಿಗ ಅಂತ ಬಿಡಿಸಿ ಹೇಳಬೇಕಿಲ್ಲ. ಸಿಹಿನೀರಿನ ಕಪ್ಪೆಚಿಪ್ಪುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಚಿಪ್ಪಿನ ಆಕಾರದಲ್ಲೇ ಗುರುತಿಸಬಹುದು ಅಂತ ತೋರಿಸಿದ್ದೂ ಇವರೇ.

1837ರಲ್ಲಿ ಒಹಾಯೊದ ಕ್ಲೀವ್‌ಲೆಂಡ್ ಪಕ್ಕ ಜಮೀನು ಕೊಂಡು ಚೆರ್ರಿ ಬೀಜ ಬಿತ್ತಿದರು. ಇಲ್ಲೇ ನನಗೆ ಬಹಳ ಇಷ್ಟವಾದ ಸಂಗತಿ ಇರುವುದು. ಸಿಹಿ ಚೆರ್ರಿ ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಒಂದೇ ಬೆಡಗಿನವರು ಹೆಣ್ಣು ಕೊಟ್ಟು ತರುವುದಿಲ್ಲ ಅಲ್ವಾ, ಹಾಗೆ. ಹೂವಿನ ಮೇಲೆ ಕೂತ ಪರಾಗ ಕೂದಲಿಗಿಂತ ತೆಳ್ಳಗಿನ ನಳಿಗೆ ಬಿಟ್ಟು ಒಳಗಿಳಿಯುತ್ತದೆ. ಅದರ ಗುರುತು ಹೂವಿನ ಗುರುತಿಗೆ ಹೊಂದಿದರೆ ಹೂವಿನ ಒಂದು ಪ್ರೋಟೀನ್ ನಳಿಗೆ ಬೆಳೆಯಲು ಬೇಕಾದ ಆರ್‌ಎನ್‌ಎ ಅನ್ನುವ ಅಣುವನ್ನು ಒಳಗೇ ಕತ್ತರಿಸುತ್ತದೆ. ನಳಿಗೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಬೇರೆ ಬೆಡಗಿನ ಪರಾಗವಾದರೆ ತಡೆಯಿಲ್ಲ. ಹಾಗಾಗಿ ಹೆಚ್ಚುಕಮ್ಮಿ ಪ್ರತಿ ಚೆರ್ರಿ ಬೀಜವೂ ಮಿಶ್ರ ಸಂತಾನ.

ಕರ್ಟ್‌ಲೆಂಡ್ ಬಿತ್ತಿದ ಕಾಲಕ್ಕೆ ಈ ಪ್ರೋಟೀನಿನ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ತಾಯಿ ತಂದೆಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಅಂತ ತೋರಿಸಿದ ಮೆಂಡೆಲ್‌ನ ಬಟಾಣಿ ಲೆಕ್ಕ ಅಚ್ಚಾಗಿದ್ದೇ 1866ರಲ್ಲಿ. ಇವರು ಬಿತ್ತಿದರು, ವರ್ಷಗಟ್ಟಲೆ ಕಾದರು, ರುಚಿ ನೋಡಿದರು, ಒಳ್ಳೆಯದನ್ನು ಕಸಿ ಕಟ್ಟಿ ಉಳಿಸಿಕೊಂಡರು. 20ಕ್ಕೂ ಹೆಚ್ಚು ಚೆರ್ರಿ ತಳಿಗಳು ಹಾಗೆ ಬಂದವು. 1842ರ ಗವರ್ನರ್ ವುಡ್ ಅವುಗಳಲ್ಲಿ ಹೆಸರುವಾಸಿ.

ಕಸಿ ಅಂದರೆ ಮಗುವಲ್ಲ, ಅದೇ ಮರ. ನಂಜನಗೂಡು ರಸಬಾಳೆಯ ಕಂದು ಇದ್ದ ಹಾಗೆ. ಆ ರುಚಿ ತಲೆಮಾರಿನಿಂದ ತಲೆಮಾರಿಗೆ ಕೆಡದೆ ಬಂದದ್ದು ಅದರಿಂದಲೇ. ಎಲ್ಲ ಗಿಡವೂ ಒಂದೇ ಆದ್ದರಿಂದ ಪನಾಮ ಸೊರಗು ರೋಗ ಹೊಕ್ಕಾಗ ತೋಟಕ್ಕೆ ತೋಟವೇ ಹೋಗುವುದೂ ಅದರಿಂದಲೇ.

ಐದು ವರ್ಷದ ಹಿಂದೆ ತಾತನ ಮರದ ಅರ್ಧ ಭಾಗ ಕಡಿಸಿ, ಒಡೆದ ಚಿಗುರಿಗೆ ಬಾದಾಮಿ ಕಡ್ಡಿ ಕಸಿ ಕಟ್ಟಿಸಿದೆ. ಬುಡ ಅದೇ, ಬೇರು ಅದೇ. ಈ ಬೇಸಿಗೆ ಮನೆ ಕಡೆ ಕೊಂಬೆಯಲ್ಲಿ ಬಾದಾಮಿ ಹಣ್ಣಾಯಿತು. ಗದ್ದೆ ಕಡೆಯ ಹಳೇ ಕೊಂಬೆಯ ಕಾಯನ್ನು ಅಮ್ಮ ಎಂದಿನ ಹಾಗೆ ಉಪ್ಪಿನಕಾಯಿಗೆ ಹಾಕಿದರು.