ಹಾಲುಹಲ್ಲಿಗಾಗಿ ವಿಮಾನ ಹತ್ತುವ ಮಕ್ಕಳು

ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಯೂಪಿಕ್ ಎಂಬ ಮೂಲನಿವಾಸಿಗಳ ಹಳ್ಳಿಗಳಿಂದ, ಆಸ್ಪತ್ರೆಯಿರುವ ಬೆಥೆಲ್ ಪಟ್ಟಣಕ್ಕೆ ರಸ್ತೆಯೇ ಇಲ್ಲ. ಹಲ್ಲುನೋವಿಗೆ ಅಳುವ ಎರಡು-ಮೂರು ವರ್ಷದ ಮಗುವನ್ನು ಎತ್ತಿಕೊಂಡು ತಾಯಿ ಪುಟ್ಟ ವಿಮಾನ ಹತ್ತಬೇಕು. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು ಹುಳುಕು ಹಿಡಿದ ಮುಂದಿನ ಹಲ್ಲುಗಳನ್ನು ಕೀಳುತ್ತಾರೆ, ದವಡೆಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕುತ್ತಾರೆ.

2008ರಲ್ಲಿ ಗ್ರಾಮೀಣ ಅಲಾಸ್ಕಾದ ಕೆಲವು ಹಳ್ಳಿಗಳಲ್ಲಿ ಮೂಲನಿವಾಸಿ ಮಕ್ಕಳ ಬಾಯಿ ಪರೀಕ್ಷಿಸಿದಾಗ, 4–5 ವರ್ಷದವರಲ್ಲಿ ಶೇ 87ರಷ್ಟು ಮಂದಿಗೆ ಹುಳುಕು ಕಂಡಿತು. ಇಡೀ ಅಮೆರಿಕದಲ್ಲಿ ಅದೇ ವಯಸ್ಸಿನವರ ಪ್ರಮಾಣ ಶೇ 35.

ಇದು ರಕ್ತದಲ್ಲಿ ಬಂದದ್ದಲ್ಲ. 1930ರ ದಶಕದಲ್ಲಿ ಅಲ್ಲಿಗೆ ಹೋದ ದಂತವೈದ್ಯರಿಗೆ, ಮೀನು, ಸೀಲ್ ಮಾಂಸ ತಿಂದು ಬದುಕುತ್ತಿದ್ದ ದೂರದ ಹಳ್ಳಿಗಳಲ್ಲಿ ಹುಳುಕು ಹಲ್ಲು ಸಿಕ್ಕಿದ್ದೇ ಅಪರೂಪ. ಸಕ್ಕರೆ, ಮೈದಾ, ಆಮೇಲೆ ಸೋಡಾ ಅಂಗಡಿಗೆ ಬಂದ ಹಾಗೆ ಬಾಯಿಗಳು ಕೆಟ್ಟವು. ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಮನೆಗೆ ನಲ್ಲಿಯಿಲ್ಲ, ನೀರು ಹೊತ್ತು ತರಬೇಕು. ನಲ್ಲಿಯೇ ಇಲ್ಲದ ಮೇಲೆ ನೀರಿಗೆ ಫ್ಲೋರೈಡ್ ಬೆರೆಸುವುದೆಲ್ಲಿ? ಪಾವಗಡದ ಕಂದುಗಟ್ಟಿದ ಹಲ್ಲುಗಳನ್ನು ಕಂಡ ನಮಗೆ ಫ್ಲೋರೈಡ್ ಎಂದರೆ ವಿಷವೇ. ಹದವಾಗಿ ಬೆರೆತರೆ ಅದೇ ಹಲ್ಲನ್ನು ಕಾಯುತ್ತದೆ. ಅಲಾಸ್ಕಾದಲ್ಲೂ ಫ್ಲೋರೈಡ್ ನೀರಿದ್ದ ಹಳ್ಳಿಯ ಮಕ್ಕಳಿಗೆ ಹುಳುಕು ಎಷ್ಟೋ ಕಡಿಮೆಯಿತ್ತು. ಹೀಗಿರುವಾಗ ತಾಯಂದಿರನ್ನು ದೂರುವುದು ಅನ್ಯಾಯ.

ಡಾಕ್ಟರು ಬರುತ್ತಿದ್ದುದು ಅಪರೂಪಕ್ಕೆ. ಬಂದರೆ ಕೀಳುವುದೇ ಕೆಲಸ. ಅದಕ್ಕೇ ಮೂಲನಿವಾಸಿಗಳ ಆರೋಗ್ಯ ಸಂಸ್ಥೆಗಳು 2003ರಲ್ಲಿ ತಮ್ಮದೇ ಯುವಕ ಯುವತಿಯರನ್ನು ನ್ಯೂಜಿಲೆಂಡಿಗೆ ಕಳಿಸಿದವು. ಶಾಲಾಮಕ್ಕಳ ಹಲ್ಲು ನೋಡುವ ದಾದಿಯರಿಗೆ ಅಲ್ಲಿ 1921ರಿಂದಲೇ ತರಬೇತಿ ಕೊಡಲಾಗುತ್ತಿತ್ತು. ಎರಡು ವರ್ಷ ಕಲಿತು, ಹುಳುಕು ತುಂಬುವ, ಸರಳವಾಗಿ ಹಲ್ಲು ಕೀಳುವ ಚಿಕಿತ್ಸಕರಾಗಿ ಇವರು ಮರಳಿದರು. ಅಮೆರಿಕದ ದಂತವೈದ್ಯರ ಸಂಘ ಸುಮ್ಮನಿರಲಿಲ್ಲ. ಡಾಕ್ಟರಲ್ಲದವರು ಹಲ್ಲು ಮುಟ್ಟಬಾರದೆಂದು 2006ರಲ್ಲಿ ಮೊಕದ್ದಮೆ ಹೂಡಿತು. ತಾವು ಕಾಲಿಡದ ಊರಿಗೆ ಬೇರೆಯವರೂ ಹೋಗಬಾರದು ಎಂಬ ಈ ಹಟ ನನಗಂತೂ ಅರಗುವುದಿಲ್ಲ. 2007ರಲ್ಲಿ ಅವರ ವಾದ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಹಾಲುಹಲ್ಲಿನ ಹುಳುಕು ಮೊದಲು ಕಾಣುವುದು ಕಪ್ಪಾಗಿ ಅಲ್ಲ. ಕೂಸಿನ ಮೇಲ್ದುಟಿ ಎತ್ತಿದರೆ ಒಸಡಿನಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ. ಆ ಹೊತ್ತಿಗೆ ಹಿಡಿದರೆ ಕೀಳಬೇಕಾಗಿಲ್ಲ. ಅದನ್ನು ಕಾಣಬೇಕಾದರೆ ಪದೇ ಪದೇ ನೋಡುವವರು ಹತ್ತಿರದಲ್ಲಿರಬೇಕು. 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೂ ಇದನ್ನೇ: ಈ ಚಿಕಿತ್ಸಕರು ಹೆಚ್ಚು ದಿನ ಕೆಲಸ ಮಾಡಿದ ಹಳ್ಳಿಗಳಲ್ಲಿ, ಮೂರು ವರ್ಷದೊಳಗಿನ ಮಕ್ಕಳು ಮುಂದಿನ ಹಲ್ಲು ಕೀಳಿಸಿಕೊಂಡದ್ದು ಕಡಿಮೆ.