ಅಕ್ರಿಲಿಕ್ ಮೀನಿನ ತೊಟ್ಟಿ: ಬೆಸುಗೆ ಮತ್ತು ಬಾಗು

ಗಾಜಿನ ತೊಟ್ಟಿ ಮಾಡಿ ಅಭ್ಯಾಸ ಇದ್ದವರ ಕೈ ಮೊದಲು ಹೋಗುವುದು ಸಿಲಿಕಾನ್ ಅಂಟಿನ ಟ್ಯೂಬಿಗೆ. ಅಕ್ರಿಲಿಕ್‌ಗೆ, ಅಂದರೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆಗೆ, ಅದು ಬೇಡ. ಗಾಜನ್ನು ಗಟ್ಟಿಯಾಗಿ ಹಿಡಿಯುವ ಸಿಲಿಕಾನ್, ಅಕ್ರಿಲಿಕ್ ಮೇಲಿಂದ ಕ್ರಮೇಣ ಬಿಟ್ಟು ಬರುತ್ತದೆ. ಇಲ್ಲಿ ಬೇಕಾದ್ದು ನೀರಿನಷ್ಟು ತೆಳುವಾದ ದ್ರಾವಕ. ಸಾಮಾನ್ಯವಾಗಿ ಅದರಲ್ಲಿ ಮಿಥೈಲೀನ್ ಕ್ಲೋರೈಡ್ ಇರುತ್ತದೆ. ಅದು ಎರಡೂ ಹಾಳೆಗಳ ಮೈಯನ್ನು ಸ್ವಲ್ಪ ಕರಗಿಸುತ್ತದೆ. ಕರಗಿದ್ದು ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಆವಿಯಾಗಿ ಹೋಗುತ್ತದೆ. ಕೊನೆಗೆ ಸಂದಿನಲ್ಲಿ ಉಳಿಯುವುದು ಬರೀ ಅಕ್ರಿಲಿಕ್.

ಅಂಚು ನೇರವಾಗಿರಬೇಕು ಅನ್ನುವುದು ಇದಕ್ಕೇ. ತೆಳು ದ್ರಾವಕ ಸಂದು ತುಂಬುವುದಿಲ್ಲ. ನನ್ನ ಮೊದಲ ಪುಟ್ಟ ಪೆಟ್ಟಿಗೆಯಲ್ಲಿ ಗರಗಸದ ಗೆರೆಗಳನ್ನು ಹಾಗೇ ಬಿಟ್ಟಿದ್ದೆ. ಬೆಸುಗೆಯ ಉದ್ದಕ್ಕೂ ಬಿಳಿ ಗುಳ್ಳೆಗಳು ಎದ್ದವು, ಒಂದು ಮೂಲೆಯಲ್ಲಿ ನೀರು ಜಿನುಗಿತು. ಅಂಚನ್ನು ರೂಟರ್ ಅನ್ನುವ ಅಂಚು ಕೊರೆಯುವ ಯಂತ್ರದಿಂದ ಸಮ ಮಾಡಿಕೊಂಡ ಮೇಲೆ ಬೆಸುಗೆ ಗಾಜಿನಂತೆ ತಿಳಿಯಾಗಿ ಬಂತು. ಬೆಂಕಿಯ ಜ್ವಾಲೆ ತಾಗಿಸಿ ಹೊಳಪು ಮಾಡಿದ ಅಂಚು ನೋಡೋಕೆ ಚೆಂದ, ಆದರೆ ಬೆಸೆಯುವ ಅಂಚಿಗೆ ಅದು ಸಲ್ಲದು. ಬಿಸಿಯಾದ ಕಡೆ ಒಳಗೆ ಬಿಗಿತ ಉಳಿದಿರುತ್ತದೆ, ದ್ರಾವಕ ತಾಗಿದರೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಹಾಳೆಯೂ ಎರಕ ಹೊಯ್ದ ಕಾಸ್ಟ್ ಅಕ್ರಿಲಿಕ್ ಆಗಿರಲಿ.

ಬೆಸೆಯುವ ಕ್ರಮ ಹೀಗೆ. ತಳದ ಹಾಳೆಯ ಮೇಲೆ ಗೋಡೆಯ ಹಾಳೆ ನಿಲ್ಲಿಸಿ, ಅದರ ಕೆಳಗೆ ಅಲ್ಲಲ್ಲಿ ತೆಳು ತಂತಿ ತುಂಡು ಇಟ್ಟು ಕೂದಲಷ್ಟು ಸಂದು ಬಿಡಿ. ಸೂಜಿ ಇರುವ ಸಿರಿಂಜ್‌ನಿಂದ ದ್ರಾವಕ ಹರಿಸಿ. ಸಂದೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಅರ್ಧ ನಿಮಿಷ ಮೈ ಮೆತ್ತಗಾಗಲಿ, ಆಮೇಲೆ ತಂತಿ ಎಳೆಯಿರಿ. ಗೋಡೆಯ ಭಾರವೇ ಸಾಕು, ಜಾಸ್ತಿ ಒತ್ತಿದರೆ ದ್ರಾವಕ ಹೊರಗೆ ಹೋಗಿಬಿಡುತ್ತದೆ. ಈ ಆವಿ ನಿಜಕ್ಕೂ ಅಪಾಯ, ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಖಂಡಿತ ಬೇಡ.

ಈಗ ನೀರು ಗೋಡೆಯನ್ನು ಎಷ್ಟು ತಳ್ಳುತ್ತದೆ ಅನ್ನುವ ಲೆಕ್ಕ. 90 ಸೆಂ.ಮೀ. ಉದ್ದದ ಗೋಡೆ, 45 ಸೆಂ.ಮೀ. ನೀರು ಅಂದುಕೊಳ್ಳಿ. ಸರಾಸರಿ ಒತ್ತಡ ಅರ್ಧ ಆಳದ್ದು, ಅಂದರೆ ಪ್ರತಿ ಚದರ ಸೆಂ.ಮೀ.ಗೆ 22.5 ಗ್ರಾಂ. ಗೋಡೆಯ ವಿಸ್ತೀರ್ಣ 4,050 ಚದರ ಸೆಂ.ಮೀ. ಗುಣಿಸಿದರೆ ಸುಮಾರು 91 ಕಿಲೋ ತಳ್ಳು. ನೀರನ್ನು 30 ಸೆಂ.ಮೀ.ಗೆ ಇಳಿಸಿದರೆ ಅದು ಸುಮಾರು 40 ಕಿಲೋ. ಎತ್ತರ ಒಂದೂವರೆ ಪಟ್ಟಾದರೆ ತಳ್ಳು ಎರಡೂಕಾಲು ಪಟ್ಟು! ತೊಟ್ಟಿ ಹಿಂದಕ್ಕೆ ಎಷ್ಟು ಅಗಲ ಇದೆ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಗಮನಿಸಿದಿರಾ?

ಅಷ್ಟೇ ದಪ್ಪದ ಗಾಜಿಗಿಂತ ಅಕ್ರಿಲಿಕ್ ಇಪ್ಪತ್ತು ಪಟ್ಟಿಗೂ ಮಿಕ್ಕಿ ಬಾಗುತ್ತದೆ. ಹಾಳೆಯ ದಪ್ಪ ಎರಡರಷ್ಟು ಮಾಡಿದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಮೇಲೆ ಸುತ್ತಲೂ ಚೌಕಟ್ಟು ಬೇಕೇ ಬೇಕು. ಅದನ್ನು ಪಟ್ಟಿ ಜೋಡಿಸಿ ಮಾಡುವ ಬದಲು ಒಂದೇ ಹಾಳೆಯಲ್ಲಿ ಕಿಂಡಿ ಕೊರೆಯುವುದು ನನಗೆ ಸರಿ ಅನಿಸುತ್ತದೆ. ಕಿಂಡಿಯ ಮೂಲೆ ದುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.

ತೊಟ್ಟಿಯ ತಳ ಪೂರ್ತಿ ಸಮತಟ್ಟಾದ ಹಲಗೆಯ ಮೇಲೆ ಕೂರಬೇಕು. ಒರೆಸಲು ಸ್ಪಿರಿಟ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಮುಟ್ಟಿಸಬೇಡಿ, ಬಿರುಕು ಬಿಡುತ್ತದೆ.

ಬೆಸುಗೆ ಕೆಲವು ದಿನ ಒಣಗಲಿ. ಆಮೇಲೆ ಮೀನಿಲ್ಲದೆ, ಒದ್ದೆಯಾದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ, ಸ್ವಲ್ಪ ಸ್ವಲ್ಪವೇ ನೀರು ತುಂಬಿಸಿ. ಪ್ರತಿ ಸಲವೂ ಮುಂದಿನ ಗೋಡೆಯ ಉಬ್ಬಿಗೆ ಉದ್ದದ ಸ್ಕೇಲ್ ತಾಗಿಸಿ, ಎರಡು ತುದಿಗಳಲ್ಲಿ ಉಳಿಯುವ ಸಂದನ್ನು ಅಳೆದು ಬರೆದಿಡಿ. ಪೂರ್ತಿ ತುಂಬಿದ ಮೇಲೂ ಆ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ನೀರು ಖಾಲಿ ಮಾಡಿ.