ವೀಸಾ ಮಾಡಿಸೋರು ಬೇರೆ, ದಾರಿ ಹೇಳೋರು ಬೇರೆ

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲಿ ನಮ್ಮ ಪಕ್ಕದ ಮನೆ ಹುಡುಗ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದ. ಒಂದೊಂದು ಸೂಟ್‌ಕೇಸ್ 23 ಕೆಜಿ ದಾಟುವಂತಿಲ್ಲ. ಅವರಮ್ಮ ಶೇಂಗಾ ಚಟ್ನಿಪುಡಿ ಡಬ್ಬಿ ಒಳಗಿಡುವುದು, ಅವನು ತೆಗೆಯುವುದು, ಇದೇ ನಡೆದಿತ್ತು. ಅಪ್ಪ ಎಪಿಎಂಸಿ ವ್ಯಾಪಾರಿ, ಮಾತು ಕಡಿಮೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ತೀಯೋ?"

ಹುಡುಗ, ಸೀಟು-ವೀಸಾ ಮಾಡಿಸಿಕೊಟ್ಟ ಕನ್ಸಲ್ಟೆನ್ಸಿಯವರ ನಂಬರ್ ತೋರಿಸಿದ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ಆ ಪ್ರಶ್ನೆಗೆ ಉತ್ತರ ಹೇಳೋದನ್ನೇ ಕಸುಬು ಮಾಡಿಕೊಂಡವರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇದ್ದಾರೆ. ವಿದೇಶಿ ವಿದ್ಯಾರ್ಥಿಗಳ ಸಲಹೆಗಾರರು. ಈ ಕೆಲಸ ಶುರುವಾಗಿದ್ದು ಮಾತ್ರ ಕಾಗದಪತ್ರದ ತಾಪತ್ರಯದಿಂದ. 1919ರಲ್ಲಿ ನ್ಯೂಯಾರ್ಕ್‌ನಲ್ಲಿ, ಓದಿಗಾಗಿ ದೇಶ ದಾಟುವವರಿಗೆ ನೆರವಾಗುವ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್ ಎಂಬ ಸಂಸ್ಥೆ ಹುಟ್ಟಿತು. 1921ರಲ್ಲಿ ಅಮೆರಿಕ ವಲಸೆಗೆ ದೇಶವಾರು ಮಿತಿ ಹಾಕಿತು. ಓದಲು ಬರುವವರೂ ಅದರಲ್ಲಿ ಸಿಕ್ಕಿಕೊಳ್ಳುವಂತಾಯಿತು. ಸಂಸ್ಥೆಯ ಮೊದಲ ನಿರ್ದೇಶಕ ಸ್ಟೀಫನ್ ಡಗ್ಗನ್ ಸರ್ಕಾರದ ಬೆನ್ನು ಹತ್ತಿ, ವಿದ್ಯಾರ್ಥಿಗಳಿಗೆ ಬೇರೆಯೇ ವೀಸಾ ಮಾಡಿಸಿದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊರಗಿನಿಂದ ಓದಲು ಬರುವವರು ಜಾಸ್ತಿಯಾದರು. 1946ರಲ್ಲಿ, ಅಮೆರಿಕ ಮತ್ತು ಬೇರೆ ದೇಶಗಳ ನಡುವೆ ಓದುವವರ, ಕಲಿಸುವವರ ಓಡಾಟಕ್ಕೆ ಹಣ ಒದಗಿಸುವ ಫುಲ್‌ಬ್ರೈಟ್ ಕಾಯ್ದೆ ಬಂತು. 1950ರ ಫೆಬ್ರುವರಿಯಲ್ಲಿ ಭಾರತವೂ ಅದರಡಿ ಒಪ್ಪಂದಕ್ಕೆ ಸಹಿ ಹಾಕಿತು. 1948ರಲ್ಲೇ ಈ ಸಲಹೆಗಾರರೆಲ್ಲ ಸೇರಿ ನಾಫ್ಸಾ ಎಂಬ ಸಂಘ ಕಟ್ಟಿಕೊಂಡಿದ್ದರು. ಆಗ ಅದರ ಹೆಸರಲ್ಲೇ ಅಡ್ವೈಸರ್ಸ್ ಅಂತ ಇತ್ತು. 1990ರಲ್ಲಿ ತಮ್ಮನ್ನು ಎಜುಕೇಟರ್ಸ್ ಎಂದು ಕರೆದುಕೊಂಡರು. ತಾವೂ ಒಂಥರಾ ಮೇಷ್ಟ್ರುಗಳೇ ಅನ್ನೋದು ಅವರ ವಾದ.

ಆ ವಾದದಲ್ಲಿ ಹುರುಳಿದೆ. ಫಾರಂ ತುಂಬಿಸುವುದು ಮುಗಿದ ಮೇಲೂ ಹುಡುಗರು ಬಾಗಿಲಲ್ಲಿ ನಿಂತೇ ಇರುತ್ತಿದ್ದರು. ನಿದ್ದೆ ಬರಲ್ಲ, ಊಟ ಸೇರಲ್ಲ, ಯಾರ ಜೊತೆಗೂ ಬೆರೆಯೋಕೆ ಆಗ್ತಿಲ್ಲ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದ ಮಹಿಳಾ ಕ್ಲಬ್ ಒಂದರಲ್ಲಿ ಕೊಟ್ಟ ಭಾಷಣದಿಂದ 'ಕಲ್ಚರ್ ಶಾಕ್' ಎಂಬ ಮಾತು ಜನರ ಬಾಯಿಗೆ ಬಂತು. ಮರುವರ್ಷ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲೀಸ್‌ಗಾರ್ಡ್, ಅಮೆರಿಕಕ್ಕೆ ಹೋಗಿಬಂದ ತನ್ನ ದೇಶದ 200 ಜನರನ್ನು ಮಾತಾಡಿಸಿ ಬರೆದ. ಆರು ತಿಂಗಳ ಒಳಗಿದ್ದವರು ಪರವಾಗಿಲ್ಲ, ಒಂದೂವರೆ ವರ್ಷ ದಾಟಿದವರೂ ಪರವಾಗಿಲ್ಲ. ನಡುವಿನವರೇ ಸೊರಗಿದ್ದರು. ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಎಂಬ ಈ ಲೆಕ್ಕ ಎಲ್ಲರಿಗೂ ಕೂಡಿಬರಲ್ಲ ಅಂತ ಮುಂದಿನ ಸಂಶೋಧನೆಗಳು ಹೇಳಿದವು. ಎಷ್ಟೋ ಮಂದಿಗೆ ಮೊದಲ ವಾರಗಳೇ ಕಷ್ಟ.

ನಮ್ಮ ಹುಡುಗರ ಕಷ್ಟ ಇನ್ನೂ ಸಣ್ಣ ಜಾಗದಲ್ಲಿರುತ್ತದೆ. ಇಲ್ಲಿ ಮೇಷ್ಟ್ರ ಎದುರು ಸುಮ್ಮನಿದ್ದರೆ ಮರ್ಯಾದೆ. ಅಲ್ಲಿ ಸುಮ್ಮನಿದ್ದರೆ ಓದಿಕೊಂಡು ಬಂದಿಲ್ಲ ಅಂದುಕೊಳ್ಳುತ್ತಾರೆ. ಇಲ್ಲಿ ನೋಟ್ಸ್‌ನಲ್ಲಿರೋದನ್ನ ಅಕ್ಷರ ಬಿಡದೆ ಬರೆದರೆ ಫುಲ್ ಮಾರ್ಕ್ಸ್. ಅಲ್ಲಿ ಅದೇ ಕೃತಿಚೌರ್ಯ. ನಾನೂ ಮೂವತ್ತು ವರ್ಷ ಅಂಥ ಉತ್ತರಕ್ಕೆ ಮಾರ್ಕ್ಸ್ ಹಾಕಿದವನೇ. ಇದು ಕಳ್ಳಬುದ್ಧಿಯಲ್ಲ, ಅಭ್ಯಾಸಬಲ ಅಂತ ಆ ಕಡೆಯ ಪ್ರೊಫೆಸರಿಗೂ, ಈ ಅಭ್ಯಾಸ ಬಿಡು ಅಂತ ಹುಡುಗನಿಗೂ ತಿಳಿಸಿ ಹೇಳುವವರು ಒಬ್ಬರು ಬೇಕಲ್ವಾ?

ಅಂಥವರ ಕೈಗೂ ಕೋಲು ಬಂತು. ಅಮೆರಿಕದ ಮೇಲೆ ನಡೆದ 2001ರ ಭಯೋತ್ಪಾದಕ ದಾಳಿಯ ನಂತರ, 2003ರಿಂದ ಸೆವಿಸ್ ಎಂಬ ಸರ್ಕಾರಿ ದಾಖಲೆ ವ್ಯವಸ್ಥೆ ಜಾರಿಯಾಯಿತು. ಹುಡುಗ ಮನೆ ಬದಲಿಸಿದರೂ, ಓದುವ ಸಬ್ಜೆಕ್ಟ್ ಕಡಿಮೆ ಮಾಡಿದರೂ ಅದಕ್ಕೆ ವರದಿ ಹೋಗಬೇಕು. ಕಷ್ಟ ಕೇಳುವವರೇ ವರದಿಯನ್ನೂ ಕೊಡಬೇಕು.

ಇನ್ನು ಕನ್ಸಲ್ಟೆನ್ಸಿ. ಅದರ ಬೇರು ಬೇರೆ ಕಡೆ ಇದೆ. ಬ್ರಿಟನ್ 1980ರಿಂದ ಹೊರಗಿನ ವಿದ್ಯಾರ್ಥಿಗಳಿಗೆ ಪೂರ್ತಿ ಫೀಸು ಹಾಕಿತು. ಕೆಲವೇ ವರ್ಷಗಳಲ್ಲಿ ಆಸ್ಟ್ರೇಲಿಯಾನೂ ಹಾಕಿತು. ಫೀಸು ಬಂದಲ್ಲಿ ಗಿರಾಕಿ ಬೇಕು. ಗಿರಾಕಿ ತರುವವರಿಗೆ ಕಮಿಷನ್. ತಮ್ಮ ದೇಶದ ವಿದ್ಯಾರ್ಥಿಗಳನ್ನು ಹೀಗೆ ಕಮಿಷನ್ ಕೊಟ್ಟು ಸೇರಿಸಿಕೊಳ್ಳುವುದನ್ನು ಅಮೆರಿಕದ ಕಾನೂನು ತಡೆಯುತ್ತದೆ. ಹೊರದೇಶದಲ್ಲಿರುವ ವಿದೇಶಿಯರ ವಿಷಯಕ್ಕೆ ಮಾತ್ರ ಸಡಿಲ ಬಿಟ್ಟಿದೆ! ದಲಾಲಿ ತಪ್ಪು ಅಂತ ನಾನು ಹೇಳಲ್ಲ, ದಾವಣಗೆರೆಯವನು ಹಾಗೆ ಹೇಳಿದರೆ ಊಟ ಹುಟ್ಟಲ್ಲ. ಆದರೆ ಮೆಕ್ಕೆಜೋಳ ಮಾರಿ ಆದಮೇಲೆ ಮುಂದಿನ ಬಿತ್ತನೆಗೆ ಏನು ಮಾಡಲಿ ಅಂತ ದಲಾಲಿ ಅಂಗಡಿಗೆ ಹೋಗಿ ಕೇಳುವ ರೈತ ಕಡಿಮೆ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. ಮೂರು ವಾರದ ನಂತರ ದೇಹ ಊರಿಗೆ ಬಂತು. ಅಪ್ಪ ಅಮ್ಮ ಅದನ್ನು ನಮ್ಮೂರಿನ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಯುದ್ಧಕ್ಕೆ ಮುಂಚೆ, ಫೆಬ್ರುವರಿ 15ರಂದೇ, ಅಗತ್ಯವಿಲ್ಲದವರು ಸದ್ಯಕ್ಕೆ ಹೊರಡುವುದು ಒಳ್ಳೆಯದು ಎಂದು ನಮ್ಮ ರಾಯಭಾರ ಕಚೇರಿ ಹೇಳಿತ್ತು. ಕ್ಲಾಸ್ ತಪ್ಪಿದರೆ ಹಾಜರಿ ಹೋಗುತ್ತದಲ್ಲ ಎಂಬ ಹೆದರಿಕೆಗೆ ಎಷ್ಟೋ ಹುಡುಗರು ಉಳಿದರು. ಹಾಜರಿ ಚಿಂತೆ ಬಿಡು, ಹೊರಡು ಅಂತ ಗಟ್ಟಿಯಾಗಿ ಹೇಳಬೇಕಾದ ಕುರ್ಚಿ ಈ ಸಲಹೆಗಾರರದ್ದೇ.

ನಮ್ಮಲ್ಲಿ ಆ ಕುರ್ಚಿ ಈಗೀಗ ಬರುತ್ತಿದೆ. ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅವರಿಗಾಗಿ ಕಚೇರಿ ಇರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ಹೊರರಾಜ್ಯದ ಎಷ್ಟು ಹುಡುಗರು ಇಲ್ಲಿ ಓದಿಹೋದರು! ಅವರಿಗೆ ಸಲಹೆಗಾರರೆಂದರೆ ವಾರ್ಡನ್, ಮೆಸ್ಸಿನವರು, ಬಾಡಿಗೆ ಮನೆ ಆಂಟಿ. 'ಎಲ್ಲಿ ನೋವು', 'ಎಷ್ಟು ದಿನದಿಂದ' ಅನ್ನೋ ಕನ್ನಡ ಕಲಿಸಿದ್ದು ಆಸ್ಪತ್ರೆಯ ಆಯಾಗಳು.

ಪಕ್ಕದ ಮನೆ ಹುಡುಗ ನವೆಂಬರ್‌ನಲ್ಲಿ ನನಗೆ ಫೋನ್ ಮಾಡಿದ್ದ. ಒಂದು ಸಬ್ಜೆಕ್ಟ್ ತಲೆಗೆ ಹತ್ತದೆ ಬಿಟ್ಟುಬಿಡಬೇಕು ಅಂತಿದ್ದ. ಕನ್ಸಲ್ಟೆನ್ಸಿಯವರು, ಅಡ್ಮಿಷನ್ ಆದಮೇಲೆ ನಮ್ಮದೇನಿಲ್ಲ ಅಂದರಂತೆ. ಕಾಲೇಜಿನ ಆಫೀಸಿಗೆ ಹೋದರೆ ಅಲ್ಲಿ ಕೂತಿದ್ದಾಕೆ ನೇಪಾಳದವರು, ಅವರೂ ಓದಲು ಬಂದು ಅಲ್ಲೇ ಉಳಿದವರು. ಕೇಳದೆ ಬಿಟ್ಟರೆ ವೀಸಾಕ್ಕೇ ಕುತ್ತು ಅಂತ ಮೊದಲು ಹೆದರಿಸಿದರು. ಆಮೇಲೆ ಪ್ರೊಫೆಸರಿಗೆ ಬರೆಯಬೇಕಾದ ಇಮೇಲ್ ಅವನ ಕೈಲೇ ಬರೆಸಿದರು. ನಾಲ್ಕು ಕಡೆ ಇದ್ದ 'ಸರ್' ತೆಗೆಸಿದರಂತೆ.

"ಒಂದು ಉಳಿಸ್ಕೊಂಡೆ ಅಂಕಲ್, ಮನಸ್ಸು ಬರಲಿಲ್ಲ" ಅಂದ.